ಬಗ್ಗಿದಾಗ ಕಂಡ ಬೆನ್ನು: ನಮ್ಮ ಸೀಮೆಯ ಟೊಂಕನೋವಿನ ಕಥಿ

ಈ ಸಲ ಮಳಿ, ರೇಟು, ರೋಗ ಯಾವುದೂ ಬರೆಯೋದಿಲ್ಲ. ಬೆನ್ನಿನ ಬಗ್ಗೆ ಬರೀತೀನಿ. ಸ್ವಲ್ಪ ಉದ್ದ ಆಗೈತಿ, ರಾತ್ರಿ ಊಟ ಆದಮ್ಯಾಲ ನಿವಾಂತ ಓದ್ರಿ.

ಹೋದ ವರ್ಷ ಶ್ರಾವಣದಾಗ ಒಂದು ಭಾನುವಾರ ಉಳ್ಳಾಗಡ್ಡಿ ಹೊಲದಾಗ ಕಸ ತೆಗೆಯೋ ಕೆಲಸ ನಡೆದಿತ್ತು. ಸಾಲಿ ಸೂಟಿ ಅಂತ ನನ್ನ ತಮ್ಮನ ಮಗಳೂ ಬಂದಿದ್ದಳು. ಏಳನೇತ್ತ ಓದ್ತಾಳ, 12 ವರ್ಷ. ಕುರ್ಪಿ ಹಿಡಿದು ಸಾಲಿನಾಗ ಬಗ್ಗಿದ್ದಳು. ಹಿಂದಿನ ಸಾಲಿನಾಗಿದ್ದ ನಮ್ಮವ್ವ ಕೆಲಸ ನಿಲ್ಲಿಸಿ ನನ್ನ ಕರೆದಳು.

“ಏ ತಮ್ಮಾ, ಇಲ್ಲಿ ಬಾ. ಈ ಕೂಸಿನ ಡುಬ್ಬ ನೋಡು. ಒಂದ ಬದಿ ಏರ ಐತಿ, ಒಂದ ಬದಿ ತಗ್ಗ ಐತಿ.”

ನೋಡಿದೆ. ಹೌದು. ಬಲಗಡೆ ರೆಕ್ಕೆ ಎಲುಬಿನ ಹತ್ತಿರ ಬೆನ್ನು ಬದುವಿನ ಹಂಗ ಎದ್ದಿತ್ತು. ನೆಟ್ಟಗ ನಿಲ್ಲು ಅಂದ್ರ ಅಷ್ಟೇನು ಕಾಣಲಿಲ್ಲ. ಮತ್ತೆ ಬಗ್ಗಿದರೆ ಕಂಡಿತು. ತಮ್ಮನ ಹೆಂಡತಿ ಓಡಿ ಬಂದು ಮಗಳ ಸೆರಗು, ಟಾವೆಲ್ ಏನು ಸಿಕ್ಕಿತೋ ಅದನ್ನ ಮುಚ್ಚಿ, “ಸುಮ್ನಿರ್ರಿ ಅತ್ತಿ, ಆಳುಮಂದಿ ಕೇಳ್ತಾರ. ನಾಳೆ ಹುಡುಗೀನ ಒಂದ ಮನಿಗೆ ಕೊಡೋದೈತಿ” ಅಂದಳು. ಹುಡುಗಿ ಎಲ್ಲಾ ಕೇಳಿಸ್ಕೊಂಡ್ಲು. ಆವತ್ತಿನಿಂದ ಎರಡು ತಿಂಗಳು ಆಕಿ ಹೊಲಕ್ಕೆ ಬರಲಿಲ್ಲ. ಮನಿಯಾಗೂ ಬಗ್ಗಿ ಕಸ ಹೊಡೀಲಿಲ್ಲ.

ಆ ಎರಡು ತಿಂಗಳು ನಾನು ಬೆನ್ನಿನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ, ಹಿರಿಯರನ್ನ ಕೇಳಿದೆ. ಮೊದಲು ಒಂದು ಮಾತು ಸ್ಪಷ್ಟ ಮಾಡ್ತೀನಿ. ಬೆನ್ನು ನೋಯೋದು ಬೇರೆ, ಬೆನ್ನೆಲುಬು ಪಕ್ಕಕ್ಕೆ ಸೊಟ್ಟ ಬೆಳೆಯೋದು ಬೇರೆ. ಎರಡನೇದಕ್ಕೆ ಡಾಕ್ಟರು ಸ್ಕೋಲಿಯೋಸಿಸ್ ಅಂತಾರ. ಬೆಳೆಯೋ ವಯಸ್ಸಿನ ಮಕ್ಕಳಲ್ಲಿ ಬರೋ ಈ ಸೊಟ್ಟಕ್ಕೆ ಹೆಚ್ಚಿನ ಸಲ ಇಂಥದ್ದೇ ಕಾರಣ ಅಂತ ಸಿಗೋದಿಲ್ಲ. ಸಾಲಿ ಚೀಲ ಹೊತ್ತಿದ್ದರಿಂದ ಅಲ್ಲ, ಕೊಡ ಹೊತ್ತಿದ್ದರಿಂದ ಅಲ್ಲ, ಬಸುರಿದ್ದಾಗ ತಾಯಿ ಏನೋ ತಿಂದದ್ದರಿಂದ ಅಲ್ಲ. ತಾಯಿ ತಪ್ಪಂತೂ ಅಲ್ಲವೇ ಅಲ್ಲ. ಇದನ್ನ ತಮ್ಮನ ಹೆಂಡತಿಗೆ ಹೇಳಿದಾಗ ಆಕಿ ಗಳಗಳ ಅತ್ತಳು. ಅಷ್ಟು ದಿನ ತನ್ನನ್ನೇ ಬೈಕೊಂತ ಕುಂತಿದ್ದಳಂತ.

ಆದ್ರ ನೋವಿನ ಕಥಿ ಬೇರೆ. ಅದಕ್ಕೆ ನಮ್ಮ ಸೀಮೆಯಲ್ಲಿ ದೊಡ್ಡ ಇತಿಹಾಸ ಐತಿ.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಿಂದಲೇ ಶುರು ಮಾಡೋಣ. ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಸುಮಾರು 740ರ ಹೊತ್ತಿಗೆ ಕಟ್ಟಿಸಿದ ಗುಡಿ ಅದು. ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಅಂತ ಕಟ್ಟಿದ ಆಚಾರಿಗಳ ಹೆಸರು ಅಲ್ಲಿನ ಶಾಸನದಲ್ಲಿ ಇದಾವ. 1987ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ನಾವು ಸಣ್ಣಾವರಿದ್ದಾಗಿನಿಂದ ನೋಡಿದ ಗುಡಿ. ಆದ್ರ ಒಂದು ಲೆಕ್ಕ ಯಾವತ್ತೂ ಹಾಕಿರಲಿಲ್ಲ. ನಮ್ಮ ಕಡೆಯ ಮರಳುಗಲ್ಲು ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತುಂಡು ಅಂದ್ರ ಸುಮಾರು 65 ಕೆಜಿ ತೂಕ. ಅಲ್ಲಿ ಎಷ್ಟು ಅಡಿ ಕಲ್ಲು ಐತಿ ಅಂತ ನೀವೇ ಅಂದಾಜು ಮಾಡ್ರಿ. ಗಾಲಿ, ಎತ್ತು, ಹಗ್ಗ, ಸನ್ನೆಗೋಲು ಏನೇ ಇರಲಿ, ಕೊನೆಗೆ ಮನುಷ್ಯನ ಟೊಂಕ ಬೇಕೇ ಬೇಕು. ಆಚಾರಿಗಳ ಹೆಸರು ಉಳೀತು. ಕಲ್ಲು ಎಳೆದವರು ಸಂಜಿಕ್ಕೆ ಯಾವ ಎಣ್ಣೆ ತಿಕ್ಕಿಸ್ಕೊಂಡು ಮಲಗಿದ್ರು ಅಂತ ಯಾರೂ ಕೆತ್ತಲಿಲ್ಲ.

ಗುಡಿಯಿಂದ ಮಗ್ಗಕ್ಕೆ ಬರ್ರಿ. ಇಲಕಲ್ಲ, ಗುಳೇದಗುಡ್ಡದ ಕುಣಿಮಗ್ಗ ನೀವೆಲ್ಲ ನೋಡೀರಿ. ನೆಲದಾಗ ಕುಣಿ ತೋಡಿ, ಕಾಲು ಒಳಗ ಇಳಿಬಿಟ್ಟು, ದಂಡಿಗೆ ಕುಂತು ನೇಯೋದು. ಹಿಂದಕ್ಕ ಲಾಳಿಯನ್ನ ಕೈಯಿಂದ ಆ ಕಡೆ ಎಸೆದು, ಈ ಕಡೆ ಹಿಡೀಬೇಕಾಗಿತ್ತು. ಪ್ರತಿ ಎಳೆಗೂ ಮೈ ಆ ಬದಿ ಈ ಬದಿ ವಾಲಬೇಕು. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಅನ್ನೋನು ದಾರ ಜಗ್ಗಿದರೆ ತಾನೇ ಓಡೋ ಲಾಳಿ ಮಾಡಿದ. ಅದು ನಮ್ಮ ದೇಶದ ಕೈಮಗ್ಗಕ್ಕೆ ಬಂದಮ್ಯಾಲ ಒಂದೇ ಕಡೆ ಕುಂತು ನೇಯೋದು ಸಾಧ್ಯ ಆಯ್ತು. ಕೇ ಮಾಡಿದ್ದು ಬಟ್ಟಿ ಜಲ್ದಿ ಆಗಲಿ ಅಂತ. ಆದ್ರ ನೇಕಾರನ ಮೈ ವಾಲೋದು ಕಡಿಮೆ ಆಯ್ತು. ಟೊಂಕನೋವು ಪೂರಾ ಹೋಗಲಿಲ್ಲ, ಅದು ಖರೆ. ಬೆನ್ನಿಗೆ ಆಸರ ಇಲ್ಲದ ದಂಡಿ ಹಂಗೇ ಉಳೀತು. ಇಲಕಲ್ಲಿನ ನಮ್ಮ ಪರಿಚಯದ ಹಿರಿಯ ನೇಕಾರರೊಬ್ಬರು ಹೇಳಿದ್ದು: “ಅಣ್ಣಾರ, ಔಷಧಕ್ಕಿಂತ ನಾ ನೆಚ್ಚಿದ್ದು ದಂಡಿಯ ಎತ್ತರ. ನನ್ನ ಕುಣಿಗೆ ನಾನೇ ಎರಡು ಬೆರಳು ಕೌದಿ ಮಡಚಿ ಹಾಕಿ ಎತ್ತರ ಮಾಡ್ಕೊಂಡೆ. ಮಗನಿಗೆ ಅವನ ಅಳತಿ ಬೇರೆ.”

ಈ ಮಾತು ನೆನಪಿಡ್ರಿ, ಮತ್ತೆ ಬರ್ತೀನಿ.

ಈಗ ನಮ್ಮ ಹೊಲ. ಹಿರಿಯರು ಕೂರಿಗೆ, ಕುಂಟಿ, ಎಡಿಕುಂಟಿ ಮಾಡಿದ್ರು. ಇವೆಲ್ಲ ಎತ್ತಿನ ಹಿಂದ ನಿಂತು ಮಾಡೋ ಕೆಲಸ. ಮೇಳಿ ಎತ್ತರ ಆಳಿನ ಎತ್ತರಕ್ಕೆ ಹೊಂದಿಸಿಯೇ ಬಡಿಗೇರ ಕೊಡ್ತಿದ್ದ. ಎಡಿಕುಂಟಿ ಸಾಲಿನ ನಡುವಿನ ಕಸ ತೆಗೀತದ. ಗಿಡದ ಬುಡದಾಗಿನದು ಉಳೀತದ. ಅದಕ್ಕೆ ಒಂದು ಗೇಣು ಹಿಡಿಕೆಯ ಕುರ್ಪಿ. ಅದು ಯಾರ ಕೈಗೆ ಬಂತು? ಹೆಣ್ಣುಮಕ್ಕಳ ಕೈಗೆ. ಹಿಂಗಾರಿ ಜೋಳ ಬೇರುಸಮೇತ ಕೀಳೋದೂ ದಿನಗಟ್ಟಲೆ ಬಗ್ಗಿದ ಕೆಲಸವೇ. ನಿಂತು ಮಾಡೋ ಕೆಲಸಕ್ಕೆ ನಾವು ಸಲಕರಣೆ ಸುಧಾರಿಸಿದ್ವಿ. ಬಗ್ಗಿ ಮಾಡೋ ಕೆಲಸಕ್ಕೆ ಗೇಣು ಕುರ್ಪಿ ಹಂಗೇ ಬಿಟ್ವಿ.

ಗಂಡಸರ ಪಾಲಿಗೆ ಚೀಲ ಇತ್ತು. ನಮ್ಮಪ್ಪ 100 ಕೆಜಿ ಜೋಳದ ಚೀಲ ಬೆನ್ನ ಮ್ಯಾಲ ಹಾಕ್ಕೊಂಡು ಅಟ್ಟ ಏರ್ತಿದ್ದ. ಊರಾಗ ಹೆಸರು ಮಾಡಿದ್ದ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ, ಗಂಡಾಳು ಕೈಯಿಂದ ಹೊರೋ ಭಾರ 55 ಕೆಜಿ ದಾಟಬಾರದು ಅಂತ ಶಿಫಾರಸು ಮಾಡಿತ್ತು. ಅದು ನಮ್ಮ ಅಟ್ಟದ ತನಕ ಬರಲಿಲ್ಲ. ಅಪ್ಪನಿಗೆ ಐವತ್ತಾಗೋ ಹೊತ್ತಿಗೆ ಟೊಂಕ ಹಿಡೀತು. ಒಂದು ತಿಂಗಳು ಮಲಗಿಸಿಬಿಟ್ವಿ. ಎದ್ದಾಗ ಕಾಲಾಗ ಶಕ್ತಿನೇ ಇರಲಿಲ್ಲ.

ಆಗ ಏನೇನು ಮಾಡಿಲ್ಲ ಹೇಳ್ರಿ? ಉಸುಕು ಕಾಸಿ ಗಂಟು ಕಟ್ಟಿ ಕಾವು ಕೊಟ್ವಿ. ಲಕ್ಕಿ ಸೊಪ್ಪಿನ ನೀರು ಹಾಕಿದ್ವಿ. ಔಡಲೆಣ್ಣಿ ತಿಕ್ಕಿದ್ವಿ. ಕಾಲು ಮುಂದಾಗಿ ಹುಟ್ಟಿದವರನ್ನ ಕರೆಸಿ ಬೆನ್ನಿಗೆ ಒದೆಸಿದ್ವಿ. ನಗಬ್ಯಾಡ್ರಿ, ಗ್ರೀಕ್ ದೇಶದಾಗ ಎರಡು ಸಾವಿರ ವರ್ಷದ ಹಿಂದಕ್ಕ ಇನ್ನೂ ದೊಡ್ಡ ಆಟ ನಡೀತಿತ್ತು. ಗೂನು ಇದ್ದವರನ್ನ ಏಣಿಗೆ ಕಟ್ಟಿ, ಎತ್ತರದಿಂದ ಏಣಿ ಕೆಡವುತ್ತಿದ್ರು. ಹಿಪೊಕ್ರೇಟಿಸನ ಹೆಸರಿನ ಗ್ರಂಥವೇ ಅದನ್ನ ಬೈದು, ಇದು ಮಂದಿ ಬಾಯಿ ತೆರೆದು ನೋಡಲಿ ಅಂತ ಮಾಡೋದು ಅನ್ನೋ ಅರ್ಥದ ಮಾತು ಬರೆದೈತಿ.

ಕಾವು, ಎಣ್ಣಿ ತಿಕ್ಕೋದು ಇವು ಹಿಡಿದ ಮಾಂಸ ಸಡಿಲ ಮಾಡ್ತಾವ, ತಪ್ಪಿಲ್ಲ. ನಾವು ಮಾಡಿದ ದೊಡ್ಡ ತಪ್ಪು ಆ ಒಂದು ತಿಂಗಳ ಹಾಸಿಗೆ. 1986ರಲ್ಲಿ ಅಮೆರಿಕದ ವೈದ್ಯರು ಟೊಂಕ ಹಿಡಿದವರಲ್ಲಿ ಕೆಲವರಿಗೆ 2 ದಿನ, ಕೆಲವರಿಗೆ 7 ದಿನ ಹಾಸಿಗೆ ಹೇಳಿ ನೋಡಿದ್ರು. ಗುಣ ಆಗೋದ್ರಲ್ಲಿ ಫರಕು ಇರಲಿಲ್ಲ, 2 ದಿನದವರು ಕೆಲಸಕ್ಕೆ ಬೇಗ ಹೋದ್ರು. ಈಗಿನ ಡಾಕ್ಟರು ಸಾಮಾನ್ಯ ಟೊಂಕನೋವಿಗೆ ಆದಷ್ಟು ಅಡ್ಡಾಡ್ರಿ ಅಂತಾರ. ನನಗೆ ಎರಡು ವರ್ಷದ ಹಿಂದಕ್ಕ ಹಿಡಿದಾಗ ದಿನಾ ಸಂಜಿಮುಂದ ಹೊಳಿ ದಂಡಿಗೆ ನಡೆದೆ, ಮೂರು ವಾರಕ್ಕೆ ಹಗುರ ಆಯ್ತು. ಆದ್ರ ಕಾಲು ಜೋಮು ಹಿಡಿದು ಶಕ್ತಿ ಕಡಿಮೆ ಆದ್ರ, ಉಚ್ಚಿ ಹಿಡಿತ ತಪ್ಪಿದ್ರ, ನೋವಿನ ಜೊತೆ ಜ್ವರ ಬಂದು ಮೈ ಸೊರಗಿದ್ರ ಒಂದು ದಿನವೂ ಕಾಯಬ್ಯಾಡ್ರಿ. ಬೆನ್ನೆಲುಬಿಗೂ ಟಿಬಿ ಬರ್ತದ. ಹಳೇ ಕಾಲದ ಎಷ್ಟೋ ಗೂನುಗಳು ಅದರಿಂದಲೇ ಆದವು, ಮತ್ತ ಅದಕ್ಕೆ ಈಗ ಔಷಧ ಐತಿ.

ಇನ್ನು ನಮ್ಮ ಹುಡುಗಿಯ ಸೊಟ್ಟಕ್ಕೆ ಬರ್ತೀನಿ.

1741ರಲ್ಲಿ ಫ್ರಾನ್ಸಿನ ನಿಕೊಲಾ ಆಂಡ್ರಿ ಅನ್ನೋ ವೈದ್ಯ ಮಕ್ಕಳ ಮೈಯ ಸೊಟ್ಟ ತಿದ್ದೋ ಬಗ್ಗೆ ತಂದೆತಾಯಿಗಳಿಗಾಗಿ ಒಂದು ಪುಸ್ತಕ ಬರೆದ. ಆರ್ಥೋಪೆಡಿಕ್ ಅನ್ನೋ ಶಬ್ದ ಅಲ್ಲಿಂದಲೇ ಬಂತು. ಅದರಾಗ ಒಂದು ಚಿತ್ರ ಐತಿ. ಸೊಟ್ಟ ಗಿಡ, ಪಕ್ಕಕ್ಕ ನೆಟ್ಟಗಿನ ಗೂಟ, ಎರಡಕ್ಕೂ ಸುತ್ತಿದ ಹಗ್ಗ. ಇವತ್ತಿಗೂ ಜಗತ್ತಿನ ಎಲುಬು ಡಾಕ್ಟರ ಸಂಘಗಳು ಅದನ್ನೇ ಗುರುತು ಮಾಡ್ಕೊಂಡಾರ. ನಮಗೆ ಅದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದಾಳಿಂಬಿ ಸಸಿಗೆ ಗೂಟ ಯಾವಾಗ ಕೊಡ್ತೀವಿ? ಎಳೇದಿದ್ದಾಗ. ಬೊಡ್ಡಿ ಬಲಿತಮ್ಯಾಲ ಎಷ್ಟು ಹಗ್ಗ ಬಿಗಿದರೂ ಹಗ್ಗ ಹರೀತದ, ಗಿಡ ತಿರುಗೋದಿಲ್ಲ.

ಆದ್ರ ಎಳೇದಿದ್ದಾಗ ಕಾಣಬೇಕಲ್ಲ? ಗಿಡಿಯೊನ್ ಮಾಂಟೆಲ್ ಅಂತ ಇಂಗ್ಲೆಂಡಿನ ಒಬ್ಬ ವೈದ್ಯ ಇದ್ದ. ಹಳೇ ದೈತ್ಯಪ್ರಾಣಿ ಇಗ್ವಾನೊಡಾನ್‌ಗೆ ಹೆಸರು ಇಟ್ಟವನು. 1841ರಲ್ಲಿ ಕುದುರಿಗಾಡಿ ಅಪಘಾತ ಆದಮ್ಯಾಲ ಹನ್ನೊಂದು ವರ್ಷ ಬೆನ್ನುನೋವು ತಿಂದು 1852ರಲ್ಲಿ ಸತ್ತ. ಬದುಕಿದ್ದಾಗ ಡಾಕ್ಟರು ಅವನ ಬೆನ್ನಿನ ಉಬ್ಬನ್ನ ಗಡ್ಡೆ ಅಂತ ತಿಳಿದಿದ್ರು. ಸತ್ತಮ್ಯಾಲ ನೋಡಿದ್ರ ಬೆನ್ನೆಲುಬೇ ತಿರುಚಿ ಸೊಟ್ಟ ಆಗಿತ್ತು. ಆ ಬೆನ್ನೆಲುಬು ಪರೀಕ್ಷೆ ಮಾಡಿದ ವಿಲಿಯಂ ಆಡಮ್ಸ್ 1865ರ ತನ್ನ ಪುಸ್ತಕದಾಗ, ಮಂದಿಯನ್ನ ಮುಂದಕ್ಕೆ ಬಗ್ಗಿಸಿ ಬೆನ್ನು ನೋಡೋ ಕ್ರಮ ವಿವರಿಸಿದ. ಇವತ್ತಿಗೂ ಜಗತ್ತಿನ ತುಂಬ ಅದೇ ಮೊದಲ ಪರೀಕ್ಷೆ. ನಮ್ಮವ್ವ ಉಳ್ಳಾಗಡ್ಡಿ ಸಾಲಿನಾಗ ಮಾಡಿದ್ದೂ ಅದೇ.

ಕೊನೆಗೆ ಹುಡುಗಿಯನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಎಕ್ಸ್‌ರೇ ಮ್ಯಾಲ ಗೆರಿ ಎಳೆದು ಕೋನ ಅಳೀತಾರ. 1948ರಲ್ಲಿ ಕಾಬ್ ಅನ್ನೋ ಅಮೆರಿಕದ ವೈದ್ಯ ಹೇಳಿದ ಅಳತಿ. 10 ಡಿಗ್ರಿ ದಾಟಿದ್ರ ಸ್ಕೋಲಿಯೋಸಿಸ್. 25ರಿಂದ 40ರ ನಡುವ ಇದ್ದು, ಇನ್ನೂ ಬೆಳೆಯೋ ಮಗು ಇದ್ರ ಸಾಮಾನ್ಯವಾಗಿ ಬೆಲ್ಟು ಹೇಳ್ತಾರ. ಅದಕ್ಕೂ ಬಹಳ ಹೆಚ್ಚಾದ್ರ ಆಪರೇಷನ್ ಮಾತು. ನಮ್ಮ ಹುಡುಗಿಯದು 28. ಡಾಕ್ಟರು ಕೇಳಿದ ಮೊದಲ ಪ್ರಶ್ನಿ, “ಎಷ್ಟು ದಿನ ಆಯ್ತು ನೋಡಿ?” ಎರಡು ತಿಂಗಳು ಅಂದಾಗ ನನಗೆ ನಾಚಿಕಿ ಆಯ್ತು.

2013ರಲ್ಲಿ ಅಮೆರಿಕ, ಕೆನಡಾದಲ್ಲಿ ನಡೆದ ಅಧ್ಯಯನದಾಗ ಬೆಲ್ಟು ಹಾಕಿದ ಮಕ್ಕಳಲ್ಲಿ 100ಕ್ಕೆ 72 ಮಂದಿಗೆ ಸೊಟ್ಟ ಆಪರೇಷನ್ ಮಟ್ಟಕ್ಕೆ ಹೋಗಲಿಲ್ಲ. ಬರೇ ಕಾದು ನೋಡಿದವರಲ್ಲಿ 48. ಹೆಚ್ಚು ತಾಸು ಹಾಕಿದವರಿಗೆ ಹೆಚ್ಚು ಗುಣ. ಬೆಲ್ಟು ಸೊಟ್ಟವನ್ನ ಪೂರಾ ನೆಟ್ಟಗ ಮಾಡೋದಿಲ್ಲ, ಮುಂದಕ್ಕೆ ಹೋಗದಂಗ ತಡೀತದ. ಗೂಟದ ಹಂಗ.

ಈಗ ಆಕಿ ದಿನಕ್ಕ 18 ತಾಸು ಹಾಕ್ತಾಳ. ಬ್ಯಾಸಗಿಯಾಗ ಬೆವರಿ ಚರ್ಮ ಕೆಂಪಾತು. ನಮ್ಮವ್ವ ತನ್ನ ಹಳೇ ಕಾಟನ್ ಸೀರಿ ಹರಿದು ಒಳಗ ಹಾಕೋ ತೆಳು ಅಂಗಿ ಹೊಲಿಸಿದಳು, ದಿನಾ ಒಂದು ಬದಲಿ. ಮೊದಲ ವಾರ ಸಾಲಿಗೆ ಹೋಗಾಕ ಒಲ್ಲೆ ಅಂತ ಕುಂತಳು. ಒಂದು ಸಂಜಿ ಗುಡಿಗೆ ಕರ್ಕೊಂಡು ಹೋದೆ. ಗೋಡೆ ಮ್ಯಾಲ ನಿಂತ ಮೂರ್ತಿಗಳು ಇದಾವಲ್ಲ, ಟೊಂಕ ಒಂದು ಕಡೆ, ಹೆಗಲು ಒಂದು ಕಡೆ, ತಲಿ ಇನ್ನೊಂದು ಕಡೆ. ಗೈಡೊಬ್ಬ ಪ್ರವಾಸಿಗರಿಗೆ ತ್ರಿಭಂಗಿ ಅಂತ ಹೇಳ್ತಿದ್ದ. ಆಕಿ ಬಹಳ ಹೊತ್ತು ನೋಡಿ, “ದೊಡ್ಡಪ್ಪ, ಇಕಿದು ನಂದಕ್ಕಿಂತ ಜಾಸ್ತಿ ಡಿಗ್ರಿ ಅದಾವ” ಅಂತ ನಕ್ಕಳು. ಮರುದಿನ ಸಾಲಿಗೆ ಹೋದಳು. ಇನ್ನೂ ಎರಡು ವರ್ಷ ಬೆಲ್ಟು ಐತಿ. ಏನಾಗ್ತದ ಅಂತ ಈಗಲೇ ಹೇಳಾಕ ಬರೋದಿಲ್ಲ.

ಕೊನೆಯದಾಗಿ ಕುರ್ಪಿ. ಅಮೆರಿಕದ ಕ್ಯಾಲಿಫೋರ್ನಿಯಾದಾಗ ಲೆಟ್ಯೂಸ್ ಅನ್ನೋ ಸೊಪ್ಪಿನ ಹೊಲದಲ್ಲಿ ಕೂಲಿಯವರಿಗೆ ಗಿಡ್ಡ ಹಿಡಿಕೆಯ ಸನಿಕಿಯನ್ನೇ ಕೊಡ್ತಿದ್ರು. ಉದ್ದ ಹಿಡಿಕೆ ಕೊಟ್ಟರೆ ಬೆಳಿ ಹಾಳಾಗ್ತದ ಅನ್ನೋದು ಮಾಲೀಕರ ವಾದ. ನೆಟ್ಟಗ ನಿಂತವ ಕೆಲಸ ನಿಲ್ಲಿಸ್ಯಾನ ಅಂತ ಮೇಸ್ತ್ರಿಗೆ ದೂರದಿಂದಲೇ ಗೊತ್ತಾಗ್ತದ ಅನ್ನೋದು ಕೂಲಿಯವರು ಹೇಳಿದ ಕಾರಣ. ಅದನ್ನ ಹಿಡಿದು ದುಡಿದಿದ್ದ ಸೀಸರ್ ಚಾವೆಜ್ ಮುಂದೆ ಕೂಲಿಕಾರರ ಸಂಘ ಕಟ್ಟಿದ. ಡಾಕ್ಟರು ಸಾಕ್ಷಿ ಹೇಳಿದ್ರು, ಕೋರ್ಟಿಗೆ ಹೋದ್ರು, 1975ರಲ್ಲಿ ಆ ಸನಿಕಿ ಬಂದ್ ಆಯ್ತು. ಲೆಟ್ಯೂಸ್ ಬೆಳೆಯೋದೇನೂ ನಿಲ್ಲಲಿಲ್ಲ.

ಇದನ್ನ ಓದಿದಾಗ ನನಗೆ ನನ್ನದೇ ದನಿ ಕೇಳಿಸ್ತು. ಆಳು ಹೆಣ್ಣುಮಕ್ಕಳು ಟೊಂಕಕ್ಕೆ ಕೈ ಕೊಟ್ಟು ನಿಂತ್ರ, “ಯಾಕ ನಿಂತ್ರೀ ಅವ್ವಾ, ಹೊತ್ತು ಮುಳುಗ್ತದ” ಅಂತ ಬದುವಿನ ಮ್ಯಾಲ ನಿಂತು ಎಷ್ಟು ಸಲ ಕೂಗೇನಿ. ನೀವೂ ಕೂಗೀರಿ.

ಈ ವರ್ಷ ನಾನು ಮಾಡಿದ್ದು ಇಷ್ಟು. ಉಳ್ಳಾಗಡ್ಡಿ ಚೆಲ್ಲೋದು ಬಿಟ್ಟು ಸಾಲು ಹಿಡಿದು ಕೂರಿಗೆಯಿಂದ ಬಿತ್ತಿದೆ, ನಡುವ ಸೈಕಲ್ ಕುಂಟಿ ಹೋಗ್ತದ, ನಿಂತು ದೂಡೋದು. ಬುಡದ ಕಸಕ್ಕೆ ಕುರ್ಪಿ ಬೇಕೇ ಬೇಕು, ಅದಕ್ಕೆ ಕುಂದರಾಕ ಗಿಡ್ಡ ಮಣಿ ಕೊಟ್ಟೇವಿ. ಮೆಣಸಿನಗಿಡ, ಗೊಂಜಾಳದಾಗ ಉದ್ದ ಹಿಡಿಕೆ, ಹಿಡಿಯೋರ ಎದಿ ಎತ್ತರಕ್ಕ. ಇಲಕಲ್ಲಿನ ನೇಕಾರರು ಹೇಳಿದ್ದು ಅದೇ ಅಲ್ಲೇನು, ಅವರವರ ಅಳತಿ ಬೇರೆ. ತಾಸಿಗೊಮ್ಮೆ ಎಲ್ಲರೂ ಎದ್ದು ನಿಲ್ಲೋದು, ಯಾರೂ ಕೂಗೋದಿಲ್ಲ. ಚೀಲ 50 ಕೆಜಿ ಮೀರಿ ತುಂಬೋದಿಲ್ಲ.

ನಿಮ್ಮ ಮನಿಯಾಗ 10ರಿಂದ 15 ವರ್ಷದ ಮಕ್ಕಳಿದ್ರ ನಾಳೆನೇ ಒಮ್ಮೆ ಎರಡೂ ಕೈ ಜೋಡಿಸಿ ಮುಂದಕ್ಕೆ ಬಗ್ಗಿಸಿ, ಹಿಂದಿನಿಂದ ಬೆನ್ನು ನೋಡ್ರಿ. ಒಂದು ಬದಿ ಏರು ಕಂಡ್ರ ಮುಚ್ಚಬ್ಯಾಡ್ರಿ, ಎಲುಬು ಡಾಕ್ಟರಿಗೆ ತೋರಿಸ್ರಿ. ಇದನ್ನ ಬರೀಲೋ ಬ್ಯಾಡೋ ಅಂತ ಹುಡುಗಿಯ ತಾಯಿಗೇ ಕೇಳಿದ್ದೆ. “ಬರೀರಿ ಭಾವಾ, ಹೆಸರು ಹಾಕಬ್ಯಾಡ್ರಿ ಅಷ್ಟೇ. ನನ್ನಂಗ ಎರಡು ತಿಂಗಳು ಯಾರೂ ಕಳೀಬಾರದು” ಅಂದಳು.

ನಿಮ್ಮ ಹೊಲದಾಗ ಕುರ್ಪಿ, ಸನಿಕಿಗೆ ಯಾರಾದ್ರೂ ಹಿಡಿಕೆ ಬದಲಿ ಮಾಡಿದ್ರ ಅಳತಿ ಸಮೇತ ಬರೀರಿ. ನಮ್ಮ ಬಡಿಗೇರಗ ತೋರಸ್ತೀನಿ.