ಹಳೆಯ ಲೆನ್ಸ್ ಫೋಕಸ್ ಆಗದಿದ್ದರೆ: ಬಿಚ್ಚುವ ಮೊದಲು ನೋಡಬೇಕಾದ್ದು



ನಮ್ಮಲ್ಲಿ ಕೆಲವರ ಮನೆಯ ಬೀರುವಿನಲ್ಲಿ ಝೆನಿಟ್, ಪ್ರಾಕ್ಟಿಕಾ, ಪೆಂಟಾಕ್ಸ್ ಕ್ಯಾಮೆರಾಗಳ ಹಳೆಯ ಲೆನ್ಸ್‌ಗಳಿವೆ. ಮಕ್ಕಳು ಅವನ್ನು ಡಿಜಿಟಲ್ ಕ್ಯಾಮೆರಾಗೆ ಹಾಕಿದಾಗ ಬರುವ ಮೊದಲ ದೂರು, ‘ಫೋಕಸ್ ಆಗುತ್ತಿಲ್ಲ’ ಎಂಬುದು. ರಿಪೇರಿ ಕೂಲಿ ಲೆನ್ಸಿನ ಬೆಲೆಯನ್ನೇ ಮೀರುತ್ತದೆಂದು ಕೆಲವರು ಗುಜರಿಗೆ ಹಾಕುತ್ತಾರೆ, ಕೆಲವರು ತಾವೇ ಸ್ಕ್ರೂಡ್ರೈವರ್ ಹಿಡಿದು ಕೂರುತ್ತಾರೆ. ಎರಡೂ ಅವಸರದ ಕೆಲಸ. ಬಹಳ ಸಲ ದೋಷ ಗಾಜಿನದಲ್ಲ, ಗಾಜು ಕೂತಿರುವ ದೂರದ್ದು.

1. ಮೊದಲು ಪರೀಕ್ಷೆ
ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಡಿ. ಅಪರ್ಚರ್ ಪೂರ್ತಿ ತೆರೆಯಿರಿ. ಒಂದೆರಡು ಕಿಲೋಮೀಟರ್ ದೂರದ ವಸ್ತುವನ್ನು ಲೈವ್ ವ್ಯೂನಲ್ಲಿ ದೊಡ್ಡದು ಮಾಡಿ ನೋಡಿ. ಉಡುಮಲೆ, ಪಲ್ಲಡಂ ಕಡೆಯವರಿಗೆ ಗಾಳಿಯಂತ್ರದ ಕಂಬ, ಕೊಯಮತ್ತೂರಿನವರಿಗೆ ಮರುದಮಲೆ ಬೆಟ್ಟ ಸಾಕು. ಹತ್ತಿರದ್ದು ಸ್ಪಷ್ಟವಾಗಿ, ದೂರದ್ದು ಮಾತ್ರ ಮಸುಕಾದರೆ ಲೆನ್ಸ್ ಸೆನ್ಸರಿನಿಂದ ಬೇಕಾದ್ದಕ್ಕಿಂತ ಹೆಚ್ಚು ದೂರದಲ್ಲಿದೆ ಎಂದರ್ಥ. ಹತ್ತಿರ, ದೂರ ಎರಡೂ ಮಂಜು ಕವಿದಂತಿದ್ದರೆ ಟಾರ್ಚ್ ಬಿಟ್ಟು ನೋಡಿ. ಒಳಗೆ ಬೂಷ್ಟು ಅಥವಾ ಎಣ್ಣೆಯ ಪೊರೆ ಇರಬಹುದು. ಅದು ಫೋಕಸ್ ದೋಷವಲ್ಲ.

2. ಅಡಾಪ್ಟರ್
ಮೇಲಿನ ಮೂರೂ ಹೆಸರಿನ ಹಳೆಯ ಲೆನ್ಸ್‌ಗಳಲ್ಲಿ ಹೆಚ್ಚಿನವು ಎಂ42 ಎಂಬ ತಿರುಪಿನವು. ಇವುಗಳ ಬುಡದಿಂದ ಫಿಲ್ಮಿಗೆ 45.46 ಮಿ.ಮೀ. ದೂರವಿರಬೇಕು. ಸೋನಿ ಇ ಕ್ಯಾಮೆರಾದಲ್ಲಿ ಈ ದೂರ 18 ಮಿ.ಮೀ., ಆದ್ದರಿಂದ ಅಡಾಪ್ಟರ್ 27.46 ಮಿ.ಮೀ. ದಪ್ಪವಿರಬೇಕು. ಅಗ್ಗದ ಅಡಾಪ್ಟರ್ 0.1 ಮಿ.ಮೀ. ದಪ್ಪವಾದರೂ 50 ಮಿ.ಮೀ. ಲೆನ್ಸ್ ಸುಮಾರು 25 ಮೀಟರ್‌ವರೆಗೆ ಮಾತ್ರ ಸರಿಯಾಗಿ ಫೋಕಸ್ ಆಗುತ್ತದೆ. ತುಸು ತೆಳುವಾದರೆ ಚಿಂತೆಯಿಲ್ಲ, ಉಂಗುರದ ಅಂಕೆಗಳಷ್ಟೇ ತಪ್ಪುತ್ತವೆ. ನಿಕಾನ್ ಎಫ್‌ನಲ್ಲಿ ಮಾತ್ರ ದೂರ 46.5 ಮಿ.ಮೀ.; ಗಾಜಿಲ್ಲದ ಅಡಾಪ್ಟರ್ ಹಾಕಿದರೆ ಎರಡೂವರೆ ಮೀಟರಿನಾಚೆಗೆ ಸ್ಪಷ್ಟತೆ ಸಿಗದು. ಇದಕ್ಕೆ ಲೆನ್ಸನ್ನು ದೂರಿ ಫಲವಿಲ್ಲ. ಬೇರೆ ಅಡಾಪ್ಟರ್ ಅಥವಾ ಬೇರೆ ಕ್ಯಾಮೆರಾದಲ್ಲಿ ನೋಡದೆ ಮುಂದಿನ ಹೆಜ್ಜೆ ಬೇಡ.

3. ಉಂಗುರ ಜಾರಿದ್ದರೆ
ಹೀಲಿಯೋಸ್ 44-2ರಂಥ ರಷ್ಯನ್ ಲೆನ್ಸಿನ ಫೋಕಸ್ ಉಂಗುರವನ್ನು ಸುತ್ತಲಿನ ಮೂರು ಸಣ್ಣ ಸ್ಕ್ರೂಗಳು ಹಿಡಿದಿರುತ್ತವೆ. ಅವನ್ನು ಸಡಿಲಿಸಿ, ತೆಗೆಯಬೇಡಿ. ದೂರದ ವಸ್ತುವನ್ನು ಸ್ಪಷ್ಟ ಮಾಡಿಕೊಂಡು, ಉಂಗುರವನ್ನಷ್ಟೇ ಅನಂತದ ಗುರುತಿಗೆ (ಮಲಗಿದ 8) ತಂದು ಬಿಗಿ ಮಾಡಿ. ಇಂಥ ಲೆನ್ಸಿನಲ್ಲಿ ಗಾಜಿನ ಭಾಗದ ಕೆಳಗೆ ಕಾಗದದಷ್ಟು ತೆಳುವಾದ ವಾಷರ್ ಇರುವುದುಂಟು. ಹಿಂದೆ ಯಾರೋ ಬಿಚ್ಚಿ ಹೆಚ್ಚು ವಾಷರ್ ಹಾಕಿದ್ದರೂ ದೂರದ್ದು ಮಸುಕಾಗುತ್ತದೆ.

4. ಉಂಗುರ ಬಿಗಿಯಾಗಿದ್ದರೆ
ಒಳಗಿನ ಗ್ರೀಸ್ ಒಣಗಿದೆ. ಮಗ್ಗಕ್ಕೆ ಬಿಡುವ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ ಯಾವುದನ್ನೂ ಬಿಡಬೇಡಿ. ಅದು ಹರಿದು ಅಪರ್ಚರ್ ಎಲೆಗಳಿಗೆ ಅಂಟುತ್ತದೆ. ಹಳೆಯ ಗ್ರೀಸ್ ತೊಳೆದು ಹೊಸದನ್ನು ತೆಳುವಾಗಿ ಸವರಬೇಕು. ತಿರುಪನ್ನು ಬೇರ್ಪಡಿಸುವಾಗ ಎರಡು ಭಾಗ ಕಳಚಿಕೊಳ್ಳುವ ಕ್ಷಣದಲ್ಲೇ ಎರಡರ ಮೇಲೂ ಗೆರೆ ಎಳೆಯಿರಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಈ ತಿರುಪಿಗೆ ಹಲವು ಆರಂಭಗಳಿವೆ. ಬೇರೊಂದರಲ್ಲಿ ಕೂರಿಸಿದರೆ ದೂರದ ಫೋಕಸ್ ಹೋಗುತ್ತದೆ. ತೊಳೆಯಲು ಬಳಸುವ ಲೈಟರ್ ದ್ರವ ಬೇಗ ಹೊತ್ತಿಕೊಳ್ಳುತ್ತದೆ. ಕಿಟಕಿ ತೆರೆದಿರಲಿ, ಒಲೆ, ದೀಪ ದೂರವಿರಲಿ.

ಜಪಾನಿ ಲೆನ್ಸಿಗೆ ಜಪಾನಿ ಅಳತೆಯ ಸ್ಕ್ರೂಡ್ರೈವರ್ ಬೇಕು, ಸಾಮಾನ್ಯದ್ದು ತಲೆ ಸವೆಸುತ್ತದೆ. ಒಳಗಿನ ಗಾಜುಗಳನ್ನು ಮನೆಯಲ್ಲಿ ಬಿಚ್ಚಬೇಡಿ. ಒಂದು ಗಾಜು ತಿರುಗುಮುರುಗಾದರೂ ಚಿತ್ರ ಕೆಡುತ್ತದೆ.

ಇಂಥ ಲೆನ್ಸ್ ಪೇಟೆಯಲ್ಲಿ ಇನ್ನೊಂದು ಸಿಕ್ಕೀತು. ಆದರೆ ತಂದೆಯವರು ಮನೆಯ ಮದುವೆ, ಹಬ್ಬಗಳನ್ನು ಹಿಡಿದಿಟ್ಟ ಲೆನ್ಸ್ ಒಂದೇ. ಗುಜರಿಗೆ ಹಾಕುವ ಮುನ್ನ ಮೇಲಿನ ನಾಲ್ಕನ್ನೂ ಕ್ರಮವಾಗಿ ನೋಡಿ. ಸಂದೇಹವಿದ್ದವರು ಲೆನ್ಸ್ ಮತ್ತು ಅಡಾಪ್ಟರ್ ಎರಡನ್ನೂ ಮುಂದಿನ ಸಭೆಗೆ ತರಬೇಕಾಗಿ ವಿನಂತಿ.

— ಕಾರ್ಯದರ್ಶಿ