ಲಸಿಕೆಯೂ ಲೋಕದ ನಂಬಿಕೆಯೂ



ತೆಲಿಗಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ ಕಡೆಯ ಹಿರಿಯರ ತೋಳನ್ನು ನೋಡಿರಿ. ಸಿಡುಬಿನ ಲಸಿಕೆಯ ಗುರುತು ಇಂದಿಗೂ ಕಾಣುತ್ತದೆ. ಅದರ ಹಿಂದೆ ನೂರೆಪ್ಪತ್ತು ವರ್ಷಗಳಿಗೂ ಮಿಕ್ಕಿದ ಭಯ, ಸಂಶಯ, ನಂಬಿಕೆಗಳ ಇತಿಹಾಸವಿದೆ.

1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು ಗೋವಿನ ಸಿಡುಬಿನ ರಸದಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿದನು. 1802ರ ಜೂನ್ ತಿಂಗಳಲ್ಲಿ ಮುಂಬಯಿಯ ಮೂರು ವರ್ಷದ ಬಾಲಿಕೆಯೊಬ್ಬಳಿಗೆ ಭಾರತದ ಮೊದಲ ಲಸಿಕೆ ಹಾಕಲಾಯಿತು. ನಮ್ಮ ಸೀಮೆಯು ಅದಕ್ಕೆ ಎರಡೇ ವರ್ಷ ಮೊದಲು, 1800ರಲ್ಲಿ, ನಿಜಾಮನಿಂದ ಕಂಪನಿಯ ಕೈಸೇರಿತ್ತು. ಹೊಸ ಸರಕಾರದ ಹೊಸ ಔಷಧವನ್ನು ಜನರು ಶಂಕಿಸಿದುದು ಸಹಜವೇ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸ ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಾಕುವುದು ಅಂದಿನ ಕ್ರಮವಾಗಿತ್ತು. ಕೂಸಿನ ತೋಳು ಗೀರಿಸಲು ತಾಯಂದಿರು ಅಂಜಿದರು; ಜಾತಿ ಮೈಲಿಗೆಯ ಚಿಂತೆಯೂ ಸೇರಿತು. ಸಿಡುಬನ್ನು ಅಮ್ಮನೆಂದು ಕರೆದು ಬೇವಿನ ಸೊಪ್ಪು ಕಟ್ಟುತ್ತಿದ್ದವರಿಗೆ, ಅದನ್ನು ತಡೆಯುವುದು ದೇವಿಯ ಅವಕೃಪೆಗೆ ಕಾರಣವೆನಿಸಿತು.

ಈ ಭಯಕ್ಕೆ ಮೈಸೂರಿನ ಅರಮನೆಯು ನಡೆಯಿಂದಲೇ ಉತ್ತರ ಕೊಟ್ಟಿತು. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಲಸಿಕೆ ಹಾಕಿಸಿಕೊಂಡುದನ್ನು ಕೇಳಿ ಅನೇಕರು ಮುಂದೆ ಬಂದರೆಂದು 1806ರ ದಾಖಲೆ ತಿಳಿಸುತ್ತದೆ. ಥಾಮಸ್ ಹಿಕ್ಕಿಯು 1805ರ ಸುಮಾರಿಗೆ ಬರೆದ ಮೂವರು ರಾಜಸ್ತ್ರೀಯರ ಚಿತ್ರದಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಇದೇ ಕಾರಣಕ್ಕೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ.

1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಂದಾಗ ಹಾಫ್‌ಕಿನ್ ಸಿದ್ಧಪಡಿಸಿದ ಲಸಿಕೆಯನ್ನು ಕೆಲವೇ ತಿಂಗಳಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ಜನರು ಹಾಕಿಸಿಕೊಂಡರು. ಅಂಥವರಲ್ಲಿ ಸಾವು ಕಡಿಮೆಯಾದುದು ಊರಿನ ಕಣ್ಣೆದುರಿಗಿತ್ತು. ಆದರೆ 1902ರಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಕೆಟ್ಟ ಸೀಸೆಯೊಂದರಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ತೀರಿಕೊಂಡರು. ಆದ್ದರಿಂದ ಸಂಶಯಪಡುವವರೆಲ್ಲ ಮೂಢರೆನ್ನುವುದು ಸಲ್ಲದು. ಅವರ ಪ್ರಶ್ನೆಗೆ ಸತ್ಯವಾದ ಉತ್ತರ ಬೇಕು. ಗದರಿಕೆಯಿಂದ ಭಯ ಹೆಚ್ಚುತ್ತದೆಯೇ ಹೊರತು ಕಳೆಯದು.

ಕೊನೆಗೆ 1975ರಲ್ಲಿ ಭಾರತದಿಂದ ಸಿಡುಬು ತೊಲಗಿತು. 1980ರ ಮೇ ತಿಂಗಳಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆದರೂ 2021ರಲ್ಲಿ ಕೋವಿಡ್ ಲಸಿಕೆ ಬಂದಾಗ ಹಳೆಯ ಅಂಜಿಕೆ ಹಳ್ಳಿಗಳಿಗೆ ಮರಳಿತು. ರೋಗ ಮರೆಯಾದಂತೆ ಅದರ ಭೀಕರತೆಯೂ ಮರೆಯುತ್ತದೆ. ಲಸಿಕೆಯ ಜ್ವರವಷ್ಟೇ ನೆನಪಿನಲ್ಲಿ ಉಳಿಯುತ್ತದೆ.

ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಬೆಳೆದ ನಿಮಗೆ ಇಲ್ಲೊಂದು ಕಾಯಕವಿದೆ. ಅಂಜುವ ತಾಯಿಯನ್ನು ಹಳಿಯದೆ ಅವಳ ಬಳಿ ಕುಳಿತು ವಿವರಿಸಿರಿ; ಮೊದಲು ನಿಮ್ಮ ಮಕ್ಕಳಿಗೆ ಹಾಕಿಸಿರಿ. ಲಿಂಗವನ್ನು ಧರಿಸುವ ಕಾಯವನ್ನು ಕಾಪಾಡುವುದೂ, ನೆರೆಮನೆಯ ಕೂಸನ್ನು ಉಳಿಸುವುದೂ ಶರಣಧರ್ಮಕ್ಕೆ ಸಲ್ಲುವ ಸೇವೆಯೇ.