ಹಿಮದ ಬಂಡಿಗೆ ಎಷ್ಟು "ಆಟ" ಬೇಕು?

ಸೈಕಲ್ ತುಳಿದು ದೊಡ್ಡವರಾದ ಎಲ್ಲರಿಗೂ ಗೊತ್ತಿರೋ ಸಂಗತಿ ಇದು. ಚೈನ್ ಸಡಿಲ ಆದ್ರೆ ಸರಿಯಾಗಿ ಏರು ಹತ್ತುವಾಗಲೇ ಕಳಚಿಕೊಳ್ಳುತ್ತೆ. ಹಾಗಂತ ಹಿಂದಿನ ಚಕ್ರವನ್ನ ಪೂರ್ತಿ ಎಳೆದು ಬಿಗಿ ಮಾಡಿದ್ರೆ ಸೈಕಲ್ ಭಾರ ಆಗಿ ಕಾಲು ಸೋಲುತ್ತೆ. ಸೈಕಲ್ ಶಾಪಿನವನು ಚೈನನ್ನ ಬೆರಳಲ್ಲಿ ಮೇಲೆ ಕೆಳಗೆ ಆಡಿಸಿ ನೋಡಿ, "ಇಷ್ಟು ಆಟ ಇರ್ಬೇಕು" ಅಂತಿದ್ದ. ಈ "ಆಟ" ಅನ್ನೋ ಪದ ನನಗೆ ಬಹಳ ಇಷ್ಟ. ಹಿಮದ ಮೇಲೆ ಓಡುವ ಸ್ನೋಮೊಬೈಲ್ ಎಂಬ ಬಂಡಿಯ ಚರಿತ್ರೆ ಓದುತ್ತಾ ಹೋದಾಗ ಅದೂ ಕೊನೆಗೆ ಈ ಆಟದ ಕತೆಯೇ ಅನ್ನಿಸಿತು.

ನೋಡದವರಿಗಾಗಿ ಎರಡು ಮಾತು. ಸ್ನೋಮೊಬೈಲಿಗೆ ಚಕ್ರ ಇಲ್ಲ. ಮುಂದೆ ಎರಡು ಹಿಮಜಾರು ಪಟ್ಟಿ (ಸ್ಕೀ), ಸ್ಕೂಟರಿನಂಥ ಹ್ಯಾಂಡಲ್. ಹಿಂದೆ ಸೀಟಿನ ಕೆಳಗೆ ಅಗಲವಾದ ಒಂದು ರಬ್ಬರ್ ಪಟ್ಟಿ. ಯುದ್ಧದ ಟ್ಯಾಂಕಿಗೆ ಇರುತ್ತಲ್ಲ, ಆ ಥರ ಕೊನೆ ಮೊದಲಿಲ್ಲದೆ ಸುತ್ತುತ್ತಾ ಇರುತ್ತೆ. ಇದನ್ನೇ ಟ್ರ್ಯಾಕ್ ಅನ್ನೋದು. ಮೆತ್ತನೆ ಹಿಮದಲ್ಲಿ ಚಕ್ರ ಹೂತುಹೋಗುತ್ತೆ, ಅಗಲ ಪಟ್ಟಿ ಭಾರವನ್ನ ಹಂಚಿಕೊಂಡು ಮೇಲೆ ತೇಲುತ್ತೆ.

ಹಿಮದಲ್ಲಿ ಓಡುವ ಮೋಟಾರು ಬಂಡಿಯ ಕನಸು ಹಲವರಿಗಿತ್ತು. ಅಡೋಲ್ಫ್ ಕೆಗ್ರೆಸ್ ಎಂಬ ಫ್ರೆಂಚ್ ಮೆಕ್ಯಾನಿಕ್ ರಷ್ಯಾದ ಚಕ್ರವರ್ತಿ ಎರಡನೇ ನಿಕೋಲಸನ ಕಾರುಗಳನ್ನ ನೋಡಿಕೊಳ್ಳುತ್ತಿದ್ದ. ಅವನು ಕಾರಿನ ಹಿಂಚಕ್ರದ ಜಾಗಕ್ಕೆ ರಬ್ಬರಿನ ಪಟ್ಟಿ ಹಾಕಿದ. ಅವನ ಮೊದಮೊದಲ ಪಟ್ಟಿಗಳು ತಿರುಗುತ್ತಿದ್ದದ್ದು ಬರೀ ತಿಕ್ಕಾಟದಿಂದ, ನಮ್ಮೂರ ಹಿಟ್ಟಿನ ಗಿರಣಿಯ ಬೆಲ್ಟಿನ ಹಾಗೆ. ಒದ್ದೆಯಾದ ಬೆಲ್ಟು ಜಾರುತ್ತೆ, ಬೇರೆ ಹೇಳಬೇಕಾ? ಅತ್ತ ಅಮೆರಿಕದ ವಿಸ್ಕಾನ್ಸಿನ್‌ನ ಸೇನರ್ ಎಂಬ ಊರಲ್ಲಿ ಕಾರ್ಲ್ ಎಲಿಯಾಸನ್ 1924ರಲ್ಲಿ ಮೋಟಾರು ಜಾರುಬಂಡಿ ಮಾಡಿ 1927ರಲ್ಲಿ ಪೇಟೆಂಟ್ ಪಡೆದ. ಆದರೆ ಈ ಸಮಸ್ಯೆಯನ್ನ ಹಠ ಹಿಡಿದು ಬಿಡಿಸಿದವನು ಕೆನಡಾದ ಕ್ವಿಬೆಕ್ ಪ್ರಾಂತ್ಯದವನು.

ಹೆಸರು ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೇ. ಹುಟ್ಟಿದ್ದು 1907ರಲ್ಲಿ, ವಾಲ್ಕೋರ್ ಎಂಬ ಹಳ್ಳಿಯ ಹತ್ತಿರ. 15ನೇ ವಯಸ್ಸಿಗೆ ಹಳೇ ಫೋರ್ಡ್ ಎಂಜಿನ್ನಿಗೆ ವಿಮಾನದ ಥರ ಫ್ಯಾನ್ ಕಟ್ಟಿ ಜಾರುಬಂಡಿ ಓಡಿಸಿದ. ತಿರುಗುವ ಆ ಫ್ಯಾನ್ ನೋಡಿ ಹೆದರಿದ ಅಪ್ಪ, "ಮೊದಲು ಅದನ್ನ ಬಿಚ್ಚಿ ಹಾಕು" ಅಂದನಂತೆ. 1926ರಲ್ಲಿ ಹುಡುಗ ಸ್ವಂತ ಗ್ಯಾರೇಜ್ ತೆರೆದ. ಆ ಕಾಲದ ಕ್ವಿಬೆಕ್‌ನ ಹಳ್ಳಿಗಳಲ್ಲಿ ಚಳಿಗಾಲ ಬಂತೆಂದರೆ ರಸ್ತೆಗಳೆಲ್ಲ ಹಿಮದಡಿ. ಕಾರುಗಳನ್ನ ದಿಮ್ಮಿಗಳ ಮೇಲೆ ಎತ್ತಿಟ್ಟು ಕುದುರೆ ಜಾರುಬಂಡಿಗೆ ಮರಳುತ್ತಿದ್ದರು. ಬೊಂಬಾರ್ಡಿಯೇ ಬೇಸಿಗೆಯಲ್ಲಿ ಕಾರು ರಿಪೇರಿ, ಚಳಿಗಾಲದಲ್ಲಿ ಹಿಮದ ಬಂಡಿಯ ಪ್ರಯೋಗ ಅಂತ ವರ್ಷಗಳನ್ನ ಕಳೆದ.

1934ರ ಚಳಿಗಾಲ. ಅವನ ಎರಡು ವರ್ಷದ ಮಗ ಇವೋನನಿಗೆ ಅಪೆಂಡಿಕ್ಸ್ ಆಗಿ ಹೊಟ್ಟೆಯಲ್ಲಿ ನಂಜೇರಿತು. ತಕ್ಷಣ ಆಸ್ಪತ್ರೆಗೆ ಹೋಗಬೇಕು, ದಾರಿಯೆಲ್ಲ ಹಿಮ. ಗ್ಯಾರೇಜಿನಲ್ಲಿದ್ದ ಪ್ರಯೋಗದ ಬಂಡಿ ಯಾವುದೂ ಓಡುವ ಸ್ಥಿತಿಯಲ್ಲಿರಲಿಲ್ಲ. ಮಗು ಉಳಿಯಲಿಲ್ಲ.

ಇದನ್ನ ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಊರಿಗೆಲ್ಲ ಬಂಡಿ ರಿಪೇರಿ ಮಾಡಿಕೊಡುವ ಅಪ್ಪನ ಮನೆಯಲ್ಲೇ, ಓಡುವ ಬಂಡಿ ಒಂದಿಲ್ಲದೆ ಮಗು ಹೋಯಿತು...

ಮರುವರ್ಷ, ಅಂದರೆ 1935ರಲ್ಲಿ, ಅವನಿಗೆ ಉತ್ತರ ಸಿಕ್ಕಿತು. ಎಂಜಿನ್ನಲ್ಲಲ್ಲ, ಪಟ್ಟಿಯಲ್ಲಿ! ಹತ್ತಿ ಬಟ್ಟೆ ಮತ್ತು ರಬ್ಬರ್ ಸೇರಿಸಿ ಮಾಡಿದ ಪಟ್ಟಿ. ಅದನ್ನ ತಿರುಗಿಸೋಕೆ ರಬ್ಬರ್ ಹೊದಿಸಿದ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್. ಈಗ ತಿಕ್ಕಾಟದ ಹಂಗಿಲ್ಲ, ಹಲ್ಲು ಪಟ್ಟಿಯನ್ನ ಕಚ್ಚಿ ಹಿಡಿದು ಎಳೆಯುತ್ತೆ. 1937ರಲ್ಲಿ ಪೇಟೆಂಟ್ ಸಿಕ್ಕಿತು. ಏಳು ಜನ ಕೂರುವ ಬಿ-7 ಬಂಡಿ ಮಾರುಕಟ್ಟೆಗೆ ಬಂತು, ಆಮೇಲೆ ಹನ್ನೆರಡು ಜನರ ಬಿ-12. ಅವು ಆಂಬುಲೆನ್ಸ್ ಆದವು, ಶಾಲೆಯ ಬಸ್ಸಾದವು, ಅಂಚೆ ಹೊತ್ತವು. ಡಾಕ್ಟರುಗಳು ರೋಗಿಗಳ ಮನೆಗೆ ಅದರಲ್ಲೇ ಹೋದರು. ಅವನ ಮಗುವಿಗೆ ಸಿಗದ ದಾರಿ ಬೇರೆಯವರ ಮಕ್ಕಳಿಗೆ ಸಿಕ್ಕಿತು.

1948ರಲ್ಲಿ ಕ್ವಿಬೆಕ್ ಸರ್ಕಾರ ಚಳಿಗಾಲದಲ್ಲೂ ಹೆದ್ದಾರಿಯ ಹಿಮ ತೆಗೆಯಬೇಕೆಂದು ಕಾನೂನು ಮಾಡಿದಾಗ ದೊಡ್ಡ ಬಂಡಿಗಳ ಮಾರಾಟ ಕುಸಿಯಿತು. ಆಗ ಅವನು ತನ್ನ ಹಳೇ ಕನಸಿಗೆ ಮರಳಿದ: ಒಬ್ಬಿಬ್ಬರ ಪುಟ್ಟ ಬಂಡಿ. ಹಿರಿಮಗ ಜರ್ಮೇನ್ ಎಲ್ಲೂ ಜೋಡಣೆಯಿಲ್ಲದ, ಒಂದೇ ತುಂಡಿನ ರಬ್ಬರ್ ಪಟ್ಟಿ ಮಾಡಿಕೊಟ್ಟ. ಅಷ್ಟರಲ್ಲಿ ಹಗುರ ಎಂಜಿನ್ನುಗಳೂ ಸಿಗತೊಡಗಿದ್ದವು. 1959ರಲ್ಲಿ ಸ್ಕೀ-ಡೂ ಬಂತು. ನಾಯಿ ಎಳೆಯುವ ಬಂಡಿಗೆ ಬದಲಿ ಅಂತ "ಸ್ಕೀ-ಡಾಗ್" ಎಂದು ಹೆಸರಿಟ್ಟಿದ್ದು ಆಮೇಲೆ ಸ್ಕೀ-ಡೂ ಆಯಿತು ಅನ್ನೋ ಕತೆಯೂ ಇದೆ. 1964ರಲ್ಲಿ ಅವನು ತೀರಿಕೊಂಡ. ನಾಲ್ಕೇ ವರ್ಷಕ್ಕೆ, 1968ರಲ್ಲಿ, ರಾಲ್ಫ್ ಪ್ಲೈಸ್ಟೆಡ್ ಎಂಬ ಅಮೆರಿಕದವನ ತಂಡ ಸ್ಕೀ-ಡೂಗಳಲ್ಲೇ ಉತ್ತರ ಧ್ರುವ ಮುಟ್ಟಿತು.

ಇನ್ನು "ಆಟ"ದ ವಿಷಯ. ಹಲ್ಲು ಪಟ್ಟಿಯನ್ನ ಕಚ್ಚುವ ಉಪಾಯವೇನೋ ಸಿಕ್ಕಿತು, ಆದರೆ ಪಟ್ಟಿ ಎಷ್ಟು ಬಿಗಿ ಇರಬೇಕು ಅನ್ನೋ ಪ್ರಶ್ನೆ ಅವತ್ತಿಂದ ಇವತ್ತಿನವರೆಗೂ ಸವಾರನ ಪಾಲಿಗೇ ಉಳಿದಿದೆ. ಸಡಿಲ ಇದ್ದರೆ, ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ಅಥವಾ ಬ್ರೇಕ್ ಹಾಕಿದಾಗ ಪಟ್ಟಿಯ ಒಳಗಿನ ರಬ್ಬರ್ ಹಲ್ಲುಗಳು ಸ್ಪ್ರಾಕೆಟ್ಟಿನಿಂದ ಹಾರಿ ಕಟಕಟ ಅನ್ನುತ್ತವೆ. ಹೀಗೇ ಬಿಟ್ಟರೆ ಹಲ್ಲುಗಳು ಕಿತ್ತೇ ಬರುತ್ತವೆ. ತೀರಾ ಬಿಗಿ ಇದ್ದರೆ ಸದ್ದಿಲ್ಲ, ಆದರೆ ಎಂಜಿನ್ನಿನ ಶಕ್ತಿ ಪಟ್ಟಿಯನ್ನ ಎಳೆಯೋದರಲ್ಲೇ ಸೋರಿಹೋಗುತ್ತೆ, ಬೇರಿಂಗು, ಪ್ಲಾಸ್ಟಿಕ್ ಜಾರುಹಳಿ ಎಲ್ಲ ಬೇಗ ಸವೆಯುತ್ತವೆ.

ಅಳೆಯುವ ವಿಧಾನ ನಮ್ಮ ಸೈಕಲ್ ಶಾಪಿನದೇ. ಬಂಡಿಯ ಹಿಂಭಾಗ ಎತ್ತಿ ನಿಲ್ಲಿಸಿ, ಪಟ್ಟಿಯ ಕೆಳಮಗ್ಗುಲಿನ ಮಧ್ಯಕ್ಕೆ ಸುಮಾರು 7 ಕಿಲೋ ತೂಕ ತೂಗುಹಾಕಿ, ಜಾರುಹಳಿಯಿಂದ ಪಟ್ಟಿ ಎಷ್ಟು ಕೆಳಗಿಳಿಯಿತು ಅಂತ ನೋಡಬೇಕು. ಬಹಳಷ್ಟು ಮಾಡೆಲ್ಲುಗಳಲ್ಲಿ ಇದು 30ರಿಂದ 40 ಮಿಲಿಮೀಟರ್. ಸರಿಯಾದ ಲೆಕ್ಕ ಆಯಾ ಬಂಡಿಯ ಕೈಪಿಡಿಯದ್ದೇ. ಹೆಚ್ಚುಕಮ್ಮಿ ಇದ್ದರೆ ಹಿಂದಿನ ಆಕ್ಸಲ್ ಬೋಲ್ಟು ಸಡಿಲಿಸಿ ಎಡಬಲದ ಸ್ಕ್ರೂಗಳನ್ನ ಸಮಸಮನಾಗಿ ತಿರುಗಿಸಬೇಕು. ಆಮೇಲೆ ನಿಧಾನವಾಗಿ ಪಟ್ಟಿ ಓಡಿಸಿ, ಎರಡು ಬದಿಯ ಅಂತರ ಒಂದೇ ಇದೆಯಾ ಅಂತ ಪರೀಕ್ಷೆ. ಪಟ್ಟಿ ಯಾವಾಗಲೂ ಸಡಿಲ ಇರುವ ಬದಿಗೆ ಸರಿಯುತ್ತೆ, ಆದ್ದರಿಂದ ಯಾವ ಕಡೆ ಸರಿದಿದೆಯೋ ಆ ಕಡೆಯ ಸ್ಕ್ರೂವನ್ನ ಕಾಲು ಸುತ್ತಷ್ಟು ಬಿಗಿ ಮಾಡಬೇಕು. ಓಡಿಸುವಾಗ ಬಂಡಿಯ ಹಿಂದೆ ಯಾರೂ ನಿಲ್ಲಬಾರದು. ಹೊಸ ಪಟ್ಟಿ ಓಡಿದಂತೆ ಹಿಗ್ಗುತ್ತೆ, ಮತ್ತೆ ನೋಡಬೇಕು.

ಎಂಜಿನ್ನಿನಿಂದ ಸ್ಪ್ರಾಕೆಟ್ಟಿಗೆ ಶಕ್ತಿ ಬರೋದೂ ಇನ್ನೊಂದು ಬೆಲ್ಟಿನ ಮೂಲಕ. ಕೈನೆಟಿಕ್ ಹೋಂಡಾ ಓಡಿಸಿದವರಿಗೆ ಇದು ಗೊತ್ತು: ಗೇರಿಲ್ಲ, ಎರಡು ರಾಟೆಗಳು ವೇಗಕ್ಕೆ ತಕ್ಕಂತೆ ಅಗಲ ಕಿರಿದಾಗುತ್ತವೆ, ಬೆಲ್ಟು ಮೇಲೆ ಕೆಳಗೆ ಏರಿಳಿಯುತ್ತೆ. ಅಲ್ಲೂ ಅದೇ ನಿಯಮ. ಸಡಿಲವಾದರೆ ಹೊರಡುವಾಗ ಎಳೆತ ಇಲ್ಲ, ಬಿಗಿಯಾದರೆ ನಿಂತಲ್ಲೇ ಬಂಡಿ ಮುಂದೆ ತೆವಳುತ್ತೆ.

ಇದೆಲ್ಲ ನಮಗ್ಯಾಕೆ ಅಂತೀರಾ? ಸಿಯಾಚಿನ್‌ನಲ್ಲಿ ನಮ್ಮ ಸೈನಿಕರು ಬಳಸುವ "ಸ್ನೋ ಸ್ಕೂಟರ್" ಇದೇ ಬಂಡಿ. 1998ರಲ್ಲಿ ರಕ್ಷಣಾ ಮಂತ್ರಿಯಾಗಿದ್ದ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್, ಈ ಸ್ಕೂಟರುಗಳ ಖರೀದಿ ಕಡತವನ್ನ ಕೂರಿಸಿಕೊಂಡಿದ್ದ ಅಧಿಕಾರಿಗಳನ್ನ "ಹೋಗಿ ಅಲ್ಲಿದ್ದು ಬನ್ನಿ" ಎಂಬಂತೆ ಸಿಯಾಚಿನ್‌ಗೇ ಕಳಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಅಲ್ಲಿ 18,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ, ಸಾಧಾರಣ ಎಂಜಿನ್ನಿನ ಶಕ್ತಿಯೂ ಹತ್ತಿರ ಹತ್ತಿರ ಅರ್ಧ. ಉಳಿದ ಅರ್ಧವನ್ನೂ ಬಿಗಿಯಾದ ಪಟ್ಟಿ ನುಂಗಿದರೆ, ಗಾಯಗೊಂಡವನನ್ನ ಕೆಳಗೆ ತರುವ ಬಂಡಿ ದಾರಿಯಲ್ಲೇ ನಿಂತೀತು.

ದಾರಿಯಲ್ಲಿ ನಿಂತರೆ ಏನಾಗುತ್ತೆ ಅಂತ 1934ರಲ್ಲೇ ಒಬ್ಬ ಅಪ್ಪನಿಗೆ ಗೊತ್ತಾಗಿತ್ತು. ಸೈಕಲ್ ಶಾಪಿನವನು ಬೆರಳಲ್ಲಿ ತೋರಿಸಿದ ಅಷ್ಟೇ ಅಷ್ಟು "ಆಟ"ಕ್ಕೆ ಎಷ್ಟು ಬೆಲೆ ನೋಡಿ.